ತಡವಾಗಿ ಮಾಯುವ ಗಾಯ

1995ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಪ್ರಕಟವಾಯಿತು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನಿಸ್ ಕೀಕೋಲ್ಟ್-ಗ್ಲೇಸರ್, ಅವರ ಪತಿಯೂ ರೋಗನಿರೋಧಕ ವಿಜ್ಞಾನಿಯೂ ಆದ ರೊನಾಲ್ಡ್ ಗ್ಲೇಸರ್ ಮತ್ತು ಸಂಗಡಿಗರು ನಡೆಸಿದ ಆ ಪ್ರಯೋಗದಲ್ಲಿ ಪಾಲ್ಗೊಂಡವರು ಒಟ್ಟು 26 ಮಹಿಳೆಯರು. ಅವರಲ್ಲಿ 13 ಮಂದಿ ಆಲ್‌ಝೈಮರ್ಸ್ ಕಾಯಿಲೆಗೆ ತುತ್ತಾದ ಬಂಧುವೊಬ್ಬರನ್ನು ನೋಡಿಕೊಳ್ಳುತ್ತಿದ್ದವರು. ಉಳಿದ 13 ಮಂದಿ ಹೆಚ್ಚುಕಡಿಮೆ ಅವರದೇ ವಯಸ್ಸಿನ, ಅವರದೇ ವರಮಾನದ, ಆದರೆ ಅಂಥ ಹೊಣೆ ಹೊರದಿದ್ದವರು. ಎಲ್ಲರ ತೋಳಿನ ಮೇಲೂ ಮೂರೂವರೆ ಮಿಲಿಮೀಟರ್ ಅಗಲದ, ಒಂದೇ ಅಳತೆಯ ಗಾಯ ಮಾಡಿ, ಅದು ಪೂರ್ತಿ ಮಾಯುವವರೆಗೆ ಗಮನಿಸಲಾಯಿತು. ಹೊಣೆಯಿಲ್ಲದವರ ಗಾಯ ಸರಾಸರಿ 39 ದಿನಗಳಲ್ಲಿ ಮಾಯಿತು. ಆರೈಕೆಯಲ್ಲಿ ತೊಡಗಿದ್ದವರ ಗಾಯ ಮಾಯಲು ಅದಕ್ಕಿಂತ ಒಂಬತ್ತು ದಿನ ಹೆಚ್ಚು ಹಿಡಿಯಿತು. ಇನ್ನೊಬ್ಬರ ಕಾಯಿಲೆಯನ್ನು ನೋಡಿಕೊಳ್ಳುವ ದೇಹ ತನ್ನ ಚರ್ಮವನ್ನು ತಾನೇ ಹೊಲಿದುಕೊಳ್ಳುವುದರಲ್ಲಿ ಹಿಂದೆ ಬೀಳುತ್ತದೆ ಎಂಬುದು ಹೀಗೆ ದಿನಗಳ ಲೆಕ್ಕದಲ್ಲಿ ಕಣ್ಣಿಗೆ ಕಂಡಿತು.

ಮುಂದಿನ ವರ್ಷಗಳ ಅಧ್ಯಯನಗಳು ಇದೇ ದಿಕ್ಕಿನಲ್ಲಿ ಸಾಗಿದವು. ಡಿಮೆನ್ಷಿಯಾ ಇರುವ ಸಂಗಾತಿಯನ್ನು ನೋಡಿಕೊಳ್ಳುವ ವೃದ್ಧರಿಗೆ ಇನ್‌ಫ್ಲುಯೆಂಝಾ ಲಸಿಕೆ ಕೊಟ್ಟಾಗ ಅವರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳ ಪ್ರಮಾಣ ಉಳಿದವರಿಗಿಂತ ಕಡಿಮೆಯಿತ್ತು. ಉರಿಯೂತವನ್ನು ಸೂಚಿಸುವ ಇಂಟರ್‌ಲ್ಯೂಕಿನ್-6 ಎಂಬ ಅಣು ಅವರಲ್ಲಿ ವರ್ಷದಿಂದ ವರ್ಷಕ್ಕೆ ಹೆಚ್ಚು ವೇಗವಾಗಿ ಏರುತ್ತಿತ್ತು. 2004ರಲ್ಲಿ ಎಲಿಸ್ಸಾ ಎಪೆಲ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಅವರ ತಂಡ, ದೀರ್ಘಕಾಲದ ಕಾಯಿಲೆಯುಳ್ಳ ಮಕ್ಕಳ ತಾಯಂದಿರ ಜೀವಕೋಶಗಳನ್ನೇ ಪರಿಶೀಲಿಸಿತು. ವರ್ಣತಂತುಗಳ ತುದಿಯನ್ನು ಕಾಯುವ ಟೆಲೊಮಿಯರ್ ಎಂಬ ಭಾಗವು ಕೋಶ ವಿಭಜನೆಗೊಂಡಂತೆಲ್ಲ ಸವೆಯುತ್ತದೆ. ಆರೈಕೆಯ ವರ್ಷಗಳು ಹೆಚ್ಚಿದಷ್ಟೂ ಆ ತಾಯಂದಿರ ಟೆಲೊಮಿಯರ್‌ಗಳು ಗಿಡ್ಡವಾಗಿದ್ದವು; ಅತಿ ಹೆಚ್ಚು ಒತ್ತಡ ಅನುಭವಿಸುತ್ತಿದ್ದೇವೆಂದ ಮಹಿಳೆಯರಿಗೂ ಅತಿ ಕಡಿಮೆ ಒತ್ತಡವಿದೆಯೆಂದವರಿಗೂ ನಡುವಿನ ಅಂತರ ಕನಿಷ್ಠ ಹತ್ತು ವರ್ಷಗಳ ಮುಪ್ಪಿಗೆ ಸಮನಾಗಿತ್ತು. ಟೆಲೊಮಿಯರ್ ಕುರಿತ ಮೂಲ ಸಂಶೋಧನೆಗಾಗಿ ಬ್ಲ್ಯಾಕ್‌ಬರ್ನ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಸಂದಿತು.

ಈ ಅಂಕಿಗಳನ್ನು ಓದಿ ಆರೈಕೆಯೇ ಆಯುಷ್ಯಕ್ಕೆ ಕುತ್ತು ಎಂದು ತೀರ್ಮಾನಿಸುವುದು ಅವಸರವಾದೀತು. ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯನ್ನು ನೋಡಿಕೊಳ್ಳುತ್ತ ಅದರಿಂದ ಬಳಲಿದ್ದ ವೃದ್ಧರು ನಾಲ್ಕು ವರ್ಷಗಳಲ್ಲಿ ಸಾಯುವ ಸಂಭವ ಇತರರಿಗಿಂತ ಶೇ 63ರಷ್ಟು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ, ಆರೈಕೆ ಮಾಡುತ್ತಿದ್ದರೂ ಬಳಲಿಕೆಯಿಲ್ಲವೆಂದು ಹೇಳಿದವರಲ್ಲಿ ಅಂಥ ಗಮನಾರ್ಹ ಹೆಚ್ಚಳ ಕಾಣಲಿಲ್ಲ. 2013ರಲ್ಲಿ ಡೇವಿಡ್ ರಾಥ್ ಅವರ ತಂಡ ಮೂರೂವರೆ ಸಾವಿರ ಅಮೆರಿಕನ್ ಆರೈಕೆದಾರರನ್ನು, ಹಲವು ರೀತಿಯಲ್ಲಿ ಅವರನ್ನು ಹೋಲುವ ಇತರರೊಡನೆ ತಾಳೆ ನೋಡಿದಾಗ, ಆರೈಕೆದಾರರ ಮರಣ ಪ್ರಮಾಣವೇ ಶೇ 18ರಷ್ಟು ಕಡಿಮೆ ಎಂದು ಕಂಡಿತು. ಇನ್ನೊಬ್ಬರಿಗೆ ಒದಗುವುದು ಮನುಷ್ಯನ ದೇಹಕ್ಕೆ ಸ್ವಭಾವತಃ ವಿಷವಲ್ಲ, ಹಲವರಿಗೆ ಅದು ಬಾಳಿನ ಊರುಗೋಲೂ ಹೌದು. ಆರೈಕೆ ಬಳಲಿಕೆಯಾಗಿ ತಿರುಗುವ ಜಾಗ ಯಾವುದು, ಅಲ್ಲಿ ಏನಾಗುತ್ತದೆ ಎಂಬುದೇ ವಿಜ್ಞಾನದ ಮುಂದಿರುವ ನಿಜವಾದ ಪ್ರಶ್ನೆ. ಉತ್ತರ ಗೋಳಾರ್ಧದ ಚಳಿನಾಡುಗಳಲ್ಲಿ ಕ್ರಿಸ್‌ಮಸ್ ಬರುವ ಡಿಸೆಂಬರಿನ ಕೊನೆಯ ಎರಡು ವಾರ ಆ ಜಾಗವನ್ನು ಬೇರೆಲ್ಲ ಕಾಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತವೆ.

ಅಮೆರಿಕದಲ್ಲಿ ಕಾಯಿಲೆಯ ಅಥವಾ ಅಂಗವೈಕಲ್ಯದ ಬಂಧುವನ್ನು ಮನೆಯವರಾಗಿಯೇ ನೋಡಿಕೊಳ್ಳುವ ವಯಸ್ಕರು ಸುಮಾರು ಆರು ಕೋಟಿ 30 ಲಕ್ಷವೆಂದು 2025ರ ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 2021ರ ಜನಗಣತಿಯಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವವರು 50 ಲಕ್ಷ. ಡಿಮೆನ್ಷಿಯಾ ರೋಗಿಗಳ ಮನೆಯವರಿಗಾಗಿ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ 1981ರಲ್ಲಿ ಬರೆದ ಕೈಪಿಡಿಯ ಹೆಸರೇ 'ಮೂವತ್ತಾರು ಗಂಟೆಯ ದಿನ' ಎಂಬ ಅರ್ಥದ್ದು. ಅಂಥ ದಿನಕ್ಕೆ ಹಬ್ಬವೊಂದು ಬಂದು ಸೇರಿದಾಗ ಆಗುವುದನ್ನು ಬಿಡಿಬಿಡಿಯಾಗಿ ನೋಡುವುದು ಒಳ್ಳೆಯದು. ಏಕೆಂದರೆ ಮೇಲ್ನೋಟಕ್ಕೆ ಅದು ರಜೆ, ವಿರಾಮ, ಸಂತೋಷ.

ಮೊದಲನೆಯದು ಬೆಳಕು. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಹೆಚ್ಚಿದ್ದರೆ, ಲಂಡನ್ನಿನಲ್ಲಿ ಎಂಟು ಗಂಟೆಯೂ ಇರುವುದಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ದೇಹದ ಜೈವಿಕ ಗಡಿಯಾರವನ್ನು ನಡೆಸುವುದು ಮೆದುಳಿನ ಹೈಪೊಥಲಮಸ್‌ನಲ್ಲಿರುವ ಒಂದು ಚಿಕ್ಕ ನರಕೋಶ ಗುಂಪು. ಪ್ರತಿ ಬೆಳಿಗ್ಗೆ ಕಣ್ಣಿನ ಮೂಲಕ ಬರುವ ಬೆಳಕು ಆ ಗಡಿಯಾರವನ್ನು ಸರಿಪಡಿಸುತ್ತದೆ. ಬೆಳಕು ಕುಂದಿದ ತಿಂಗಳುಗಳಲ್ಲಿ ಕೆಲವರನ್ನು ಆವರಿಸುವ ಋತುಮಾನದ ಖಿನ್ನತೆಯನ್ನು ನಾರ್ಮನ್ ರೊಸೆಂಥಾಲ್ ಮತ್ತು ಸಂಗಡಿಗರು 1984ರಲ್ಲಿ ಮೊದಲು ವಿವರವಾಗಿ ಗುರುತಿಸಿದರು. ಆಲ್‌ಝೈಮರ್ಸ್ ರೋಗಿಗಳಲ್ಲಿ ಆ ನರಕೋಶ ಗುಂಪೇ ಕ್ಷೀಣಿಸಿರುತ್ತದೆ. ಅವರಲ್ಲಿ ಅನೇಕರಿಗೆ ಸಂಜೆಯಾಗುತ್ತಿದ್ದಂತೆ ಕಳವಳ ಹೆಚ್ಚುತ್ತದೆ: ಮನೆಯಲ್ಲೇ ಕುಳಿತು ಮನೆಗೆ ಹೋಗಬೇಕೆನ್ನುತ್ತಾರೆ, ಬಾಗಿಲ ಬಳಿ ಅಡ್ಡಾಡುತ್ತಾರೆ, ಎದುರಿಗಿರುವವರನ್ನು ಅನುಮಾನಿಸುತ್ತಾರೆ. ಕತ್ತಲು ನಾಲ್ಕಕ್ಕೇ ಕವಿಯುವ ಊರಿನಲ್ಲಿ ಆ ಹೊತ್ತೂ ಬೇಗನೆ ಬಂದು ದೀರ್ಘವಾಗುತ್ತದೆ. ಅದೇ ಹೊತ್ತಿಗೆ ಮಿನುಗುದೀಪಗಳು, ಹಾಡು, ನೆಂಟರ ಗದ್ದಲ, ಜಾಗ ಬದಲಾದ ಕುರ್ಚಿಗಳು ಒಟ್ಟಾಗಿ ಬರುತ್ತವೆ. ದಿನಚರಿಯ ಆಸರೆಯಲ್ಲಿ ನಿಂತಿರುವ ಮನಸ್ಸಿಗೆ ಇಷ್ಟು ಬದಲಾವಣೆ ತಾಳಿಕೊಳ್ಳುವುದು ಕಷ್ಟ. ಅದರ ಪರಿಣಾಮವನ್ನು ರಾತ್ರಿಯೆಲ್ಲ ಎದುರಿಸುವುದು ಆರೈಕೆದಾರ.

ಎರಡನೆಯದು ಕಣ್ಣಿಗೆ ಬೀಳದ ದುಡಿಮೆ. ಮಾನವಶಾಸ್ತ್ರಜ್ಞೆ ಮಿಕೇಲಾ ಡಿ ಲಿಯೊನಾರ್ಡೊ ಕ್ಯಾಲಿಫೋರ್ನಿಯಾದ ಇಟಲಿ ಮೂಲದ ಕುಟುಂಬಗಳನ್ನು ಅಭ್ಯಸಿಸಿ 1987ರಲ್ಲಿ ಬರೆದ ಪ್ರಬಂಧವೊಂದು, ಹಬ್ಬದ ಪತ್ರಗಳನ್ನು ಬರೆಯುವುದು, ಉಡುಗೊರೆ ಆರಿಸುವುದು, ಯಾರು ಯಾರನ್ನು ಊಟಕ್ಕೆ ಕರೆಯಬೇಕೆಂದು ನೆನಪಿಟ್ಟುಕೊಳ್ಳುವುದು ಇವೆಲ್ಲವೂ ದುಡಿಮೆಯೇ ಎಂದು ತೋರಿಸಿತು. ಮನೆಗೆಲಸ ಮತ್ತು ಸಂಬಳದ ಕೆಲಸದ ಜೊತೆಗೆ ಇದು ಮೂರನೆಯ ದುಡಿಮೆ. ಅದಕ್ಕೆ ಅವರು ಬಂಧುತ್ವದ ದುಡಿಮೆ ಎಂಬ ಅರ್ಥದ ಹೆಸರಿಟ್ಟರು, ಮತ್ತು ಅದು ಬಹುಪಾಲು ಹೆಂಗಸರ ಪಾಲಿಗೆ ಬಂದಿರುವುದನ್ನು ದಾಖಲಿಸಿದರು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ನೆವ್ರಿ, ಗುಳಿಯೊ, ಕಿಡಿಯೊ ಎಂದು ಬಗೆಬಗೆಯ ಕುಸ್ವಾರ್ ತಿಂಡಿಗಳನ್ನು ಮಾಡಿ, ತಟ್ಟೆಗಳಲ್ಲಿ ಜೋಡಿಸಿ, ನೆರೆಹೊರೆಯ ಎಲ್ಲ ಮನೆಗಳಿಗೂ ಕಳಿಸುವ ಪದ್ಧತಿಯೂ ಈ ದುಡಿಮೆಯ ಒಂದು ಸೊಗಸಾದ ರೂಪ. ಅದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಮನೆಯಲ್ಲಿ ಹಾಸಿಗೆ ಹಿಡಿದ ಒಬ್ಬರಿದ್ದಾಗ ತಟ್ಟೆಗೆ ಒಂದು ತಿಂಡಿ ಕಡಿಮೆಯಾದರೂ ಅದನ್ನು ಗಮನಿಸುವ ಮೊದಲ ಕಣ್ಣು ಮಾಡಿದವಳದೇ ಆಗಿರುತ್ತದೆ.

ಮೂರನೆಯದು ದುಃಖದ ಒಂದು ವಿಶೇಷ ಬಗೆ. ಮಿನೆಸೋಟ ವಿಶ್ವವಿದ್ಯಾಲಯದ ಪಾಲಿನ್ ಬಾಸ್, ವ್ಯಕ್ತಿ ಕಣ್ಣೆದುರಿಗೆ ಇದ್ದೂ ಮನಸ್ಸಿನಿಂದ ದೂರವಾಗಿರುವ ಸ್ಥಿತಿಯನ್ನು ಅಸ್ಪಷ್ಟ ನಷ್ಟ ಎಂದು ಕರೆದರು. ಸಾವಿಗೆ ಸೂತಕವಿದೆ, ಕರ್ಮಾಂತರಗಳಿವೆ, ಬಂದು ಕೈಹಿಡಿದು ಕೂರುವ ಜನರಿದ್ದಾರೆ. ಈ ನಷ್ಟಕ್ಕೆ ಯಾವ ಆಚರಣೆಯೂ ಇಲ್ಲ. ಐವತ್ತು ವರ್ಷ ಕ್ರಿಸ್‌ಮಸ್ ಊಟದ ಮೇಜಿನ ತುದಿಯಲ್ಲಿ ಕುಳಿತು ಎಲ್ಲರಿಗೂ ಬಡಿಸುತ್ತಿದ್ದ ಗಂಡ ಈಗಲೂ ಅದೇ ಜಾಗದಲ್ಲಿ ಕುಳಿತಿದ್ದಾನೆ, ಮಕ್ಕಳ ಹೆಸರು ಮಾತ್ರ ಅವನಿಗೆ ಗೊತ್ತಿಲ್ಲ. ಹಬ್ಬವೆಂಬುದು ಪ್ರತಿ ವರ್ಷವೂ ಅದೇ ತಿಥಿಗೆ ಅದೇ ರೀತಿ ಬರುವುದರಿಂದ, ಹೋದ ವರ್ಷಕ್ಕೂ ಈ ವರ್ಷಕ್ಕೂ ನಡುವೆ ಕಳೆದುಹೋದದ್ದು ಎಷ್ಟೆಂಬುದನ್ನು ಅದು ಬೇರಾವ ದಿನಕ್ಕಿಂತಲೂ ನಿಖರವಾಗಿ ತೋರಿಸಿಬಿಡುತ್ತದೆ.

ಈ ದಿನಗಳ ಒತ್ತಡ ಹೃದಯದ ಮೇಲೂ ಬೀಳುತ್ತದೆಂಬ ಸೂಚನೆಗಳಿವೆ. ಸ್ವೀಡನ್ನಿನಲ್ಲಿ 1998ರಿಂದ 2013ರವರೆಗೆ ದಾಖಲಾದ 2,83,014 ಹೃದಯಾಘಾತಗಳನ್ನು ದಿನ ಮತ್ತು ಗಂಟೆಗಳ ಪ್ರಕಾರ ವಿಂಗಡಿಸಿದಾಗ, ಆ ನಾಡಿನಲ್ಲಿ ಹಬ್ಬದ ಮುಖ್ಯ ದಿನವಾದ ಡಿಸೆಂಬರ್ 24ರಂದು ಅಪಾಯ ಶೇ 37ರಷ್ಟು ಏರಿ, ರಾತ್ರಿ ಹತ್ತರ ಸುಮಾರಿಗೆ ತುದಿ ಮುಟ್ಟುತ್ತಿತ್ತು. 75 ವರ್ಷ ದಾಟಿದವರಲ್ಲಿ ಏರಿಕೆ ಇನ್ನೂ ಹೆಚ್ಚು. ಇದಕ್ಕೆ ಚಳಿಯೊಂದೇ ಕಾರಣವೆನ್ನಲಾಗದು: ಡಿಸೆಂಬರ್ ಬೇಸಿಗೆಯಾಗಿರುವ ನ್ಯೂಜಿಲೆಂಡ್‌ನಲ್ಲಿಯೂ ಕ್ರಿಸ್‌ಮಸ್ ದಿನಗಳಲ್ಲಿ ಹೃದ್ರೋಗದ ಸಾವುಗಳು ಹೆಚ್ಚುತ್ತವೆ. ಅತಿಯಾದ ಊಟ, ಕುಡಿತ, ಭಾವೋದ್ವೇಗ, ಎದೆನೋವು ಬಂದರೂ ಹಬ್ಬ ಕೆಡಿಸಬಾರದೆಂದು ಆಸ್ಪತ್ರೆಗೆ ಹೋಗುವುದನ್ನು ಮುಂದೂಡುವುದು, ಇವೆಲ್ಲ ಸಂಶೋಧಕರು ಮುಂದಿಡುವ ಕಾರಣಗಳು. ಈ ಅಂಕಿಗಳು ಇಡೀ ಜನತೆಗೆ ಸಂಬಂಧಿಸಿದವು, ಆರೈಕೆದಾರರಿಗೆ ಮಾತ್ರವಲ್ಲ. ಆದರೆ ಕೊನೆಯ ಕಾರಣವನ್ನು ಓದುವಾಗ, ತನ್ನ ನೋವನ್ನು ನಾಳೆಗೆ ಮುಂದೂಡುವುದನ್ನೇ ಅಭ್ಯಾಸ ಮಾಡಿಕೊಂಡವರು ಯಾರೆಂಬುದು ನೆನಪಾಗದೆ ಇರದು.

ಈ ಹಿನ್ನೆಲೆಯಲ್ಲಿ ಆತ್ಮಕರುಣೆ ಎಂಬ ಪರಿಕಲ್ಪನೆಯನ್ನು ನೋಡಬೇಕು. ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ಅದಕ್ಕೆ ವೈಜ್ಞಾನಿಕ ವ್ಯಾಖ್ಯಾನವನ್ನೂ, ಅಳೆಯಲು 26 ಹೇಳಿಕೆಗಳ ಒಂದು ಮಾಪಕವನ್ನೂ ಕೊಟ್ಟರು. ಮೂಲ ವಿಚಾರ ಅವರಿಗೆ ಬಂದದ್ದು ಬೌದ್ಧ ಧ್ಯಾನದಿಂದ. ಐದನೆಯ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದು ಬುದ್ಧಘೋಷ ಬರೆದ 'ವಿಸುದ್ಧಿಮಗ್ಗ'ವು ಮೈತ್ರಿಭಾವನೆಯನ್ನು ಮೊದಲು ತನ್ನಿಂದಲೇ ಆರಂಭಿಸಿ ಆಮೇಲೆ ಇತರರಿಗೆ ಹರಡಲು ಹೇಳುತ್ತದೆ. ನೆಫ್ ಅವರ ಮಗನಿಗೆ ಆಟಿಸಂ ಇದೆ. ತಾಯಿಯಾಗಿ ತಾನು ಹಾದುಬಂದ ವರ್ಷಗಳನ್ನು ಅವರು 2011ರ ತಮ್ಮ ಪುಸ್ತಕದಲ್ಲಿ ತೆರೆದು ಬರೆದಿದ್ದಾರೆ. ಆದ್ದರಿಂದ ಈ ಸಿದ್ಧಾಂತ ಆರೈಕೆಯ ಲೋಕದ ಹೊರಗೆ ನಿಂತು ಕಟ್ಟಿದ್ದಲ್ಲವೆಂದು ಧೈರ್ಯವಾಗಿ ಹೇಳಬಹುದು.

ಅವರ ವ್ಯಾಖ್ಯಾನದಲ್ಲಿ ಮೂರು ಎಳೆಗಳಿವೆ. ಸ್ವದಯೆ ಎಂದರೆ ಎಡವಿದಾಗ ತನ್ನನ್ನು ತಾನು ಹಳಿಯದೆ, ಕಷ್ಟದಲ್ಲಿರುವ ಗೆಳತಿಯೊಡನೆ ಆಡುವ ದನಿಯಲ್ಲಿ ಮಾತಾಡಿಕೊಳ್ಳುವುದು. ಸಹಮಾನವತೆ ಎಂದರೆ ಈ ನೋವು, ಈ ಸೋಲು ಮನುಷ್ಯರಾದ ಎಲ್ಲರಿಗೂ ಬರುವಂಥದ್ದು, ತಾನೊಬ್ಬಳೇ ಇದರೊಳಗೆ ಸಿಕ್ಕಿಬಿದ್ದಿಲ್ಲ ಎಂಬ ತಿಳಿವು. ಸಾವಧಾನವೆಂದರೆ ನೋವನ್ನು ಅದುಮಿ ಹಾಕದೆಯೂ ಅದರಲ್ಲಿ ಕೊಚ್ಚಿಹೋಗದೆಯೂ ಇರುವುದನ್ನು ಇರುವಂತೆ ಗುರುತಿಸುವುದು. ಮೂರೂ ಜೊತೆಗೂಡಿದಾಗ ಮಾತ್ರ ಅದು ಆತ್ಮಕರುಣೆ. ಸಹಮಾನವತೆಯಿಲ್ಲದ ಸ್ವದಯೆ ಮೆಲ್ಲಗೆ ಅಳಲಾಗಿ ಇಳಿಯುತ್ತದೆ. ಸಾವಧಾನವಿಲ್ಲದಿದ್ದರೆ ಯಾವ ನೋವಿಗೆ ದಯೆ ತೋರಬೇಕೆಂಬುದೇ ಗೊತ್ತಾಗುವುದಿಲ್ಲ. ಆರೈಕೆದಾರರ ವಿಷಯದಲ್ಲಿ ಈ ಕೊನೆಯ ಮಾತಿಗೆ ಬಹಳ ತೂಕವಿದೆ. ಇನ್ನೊಬ್ಬರ ಮುಖದ ಸಣ್ಣ ಬದಲಾವಣೆಯನ್ನೂ ಓದಬಲ್ಲವರು ತಮ್ಮ ಬೆನ್ನುನೋವನ್ನು ವಾರಗಟ್ಟಲೆ ಗಮನಿಸದೆ ಇರಬಲ್ಲರು.

ಇದು ಮೈಯೊಳಗೆ ನಡೆಯುವ ಬಗೆ ಇನ್ನೂ ಕುತೂಹಲಕರ. ಹೊರಗಿನ ಅಪಾಯ ಕಂಡಾಗ ಮೆದುಳು ಅನುವೇದನಾ ನರವ್ಯೂಹವನ್ನು ಎಚ್ಚರಿಸುತ್ತದೆ. ಹೃದಯದ ಬಡಿತ ಏರುತ್ತದೆ, ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಸ್ರವಿಸುತ್ತದೆ, ದೇಹ ಹೋರಾಟಕ್ಕೋ ಓಟಕ್ಕೋ ಅಣಿಯಾಗುತ್ತದೆ. ಬ್ರಿಟನ್ನಿನ ಚಿಕಿತ್ಸಾ ಮನೋವಿಜ್ಞಾನಿ ಪಾಲ್ ಗಿಲ್ಬರ್ಟ್ ಒತ್ತಿ ಹೇಳುವ ಪ್ರಕಾರ, ಬೈಯುವ ದನಿ ಹೊರಗಿನಿಂದ ಬಂದರೂ ಒಳಗಿನಿಂದ ಬಂದರೂ ಈ ಬೆದರಿಕೆಯ ವ್ಯವಸ್ಥೆ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ. ದನಿ ಒಳಗಿನದಾದಾಗ ಬೆದರಿಸುವುದೂ ತಾನೇ, ಬೆದರುವುದೂ ತಾನೇ, ಓಡಿಹೋಗಲು ಜಾಗವಿಲ್ಲ. ಇದಕ್ಕೆ ಎದುರಾಗಿ ಸಸ್ತನಿಗಳಲ್ಲಿ ಮರಿಯನ್ನು ಸಂತೈಸಲೆಂದೇ ವಿಕಾಸಗೊಂಡ ಇನ್ನೊಂದು ವ್ಯವಸ್ಥೆಯಿದೆ: ಬೆಚ್ಚನೆಯ ಸ್ಪರ್ಶ, ಮೆದುವಾದ ದನಿ, ಪರಾನುವೇದನಾ ನರವ್ಯೂಹ, ಅದರ ಮುಖ್ಯ ಕಾಲುವೆಯಾಗಿ ಮೆದುಳಿನ ಬುಡದಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರ. ತಾಯಿಯ ಮಡಿಲು ಮಗುವಿನ ಹೃದಯಬಡಿತವನ್ನು ತಗ್ಗಿಸುವುದು ಈ ದಾರಿಯಿಂದ. ಅದೇ ದಾರಿಯನ್ನು ಮನುಷ್ಯ ತನ್ನ ಕಡೆಗೂ ತಿರುಗಿಸಿಕೊಳ್ಳಬಲ್ಲ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಹ್ಯಾನ್ಸ್ ಕಿರ್ಷ್ನರ್, ಆಂಕೆ ಕಾರ್ಲ್ ಮತ್ತು ಸಂಗಡಿಗರು 135 ವಿದ್ಯಾರ್ಥಿಗಳನ್ನು ಐದು ಗುಂಪು ಮಾಡಿ, ಪ್ರತಿಯೊಂದಕ್ಕೂ ಹನ್ನೊಂದು ನಿಮಿಷದ ಬೇರೆ ಬೇರೆ ಧ್ವನಿಮುದ್ರಿಕೆ ಕೇಳಿಸಿದರು. ತಮ್ಮ ಕಡೆಗೆ ಕರುಣೆಯಿಂದ ಗಮನ ಕೊಡಲು ಹೇಳಿದ ಗುಂಪುಗಳಲ್ಲಿ ಹೃದಯಬಡಿತ ನಿಮಿಷಕ್ಕೆ ಎರಡು ಮೂರರಷ್ಟು ಇಳಿಯಿತು, ಬೆವರಿನ ಪ್ರಮಾಣ ತಗ್ಗಿತು, ಒಂದು ಬಡಿತದಿಂದ ಇನ್ನೊಂದಕ್ಕೆ ಇರುವ ಅಂತರದ ಏರಿಳಿತ ಹೆಚ್ಚಿತು. ಈ ಏರಿಳಿತ ಹೆಚ್ಚಿದಷ್ಟೂ ಹೃದಯ ಸಂದರ್ಭಕ್ಕೆ ತಕ್ಕಂತೆ ಬಾಗಬಲ್ಲದೆಂದು ಅರ್ಥ. ತಮ್ಮನ್ನು ತಾವು ಟೀಕಿಸಿಕೊಳ್ಳುವಂತೆ ಪ್ರೇರೇಪಿಸಿದ ಗುಂಪಿನಲ್ಲಿ ಬಡಿತವೂ ಬೆವರೂ ಏರಿದವು. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸಂಶೋಧಕರು ಇನ್ನೂ ಸರಳವಾದ ಒಂದನ್ನು ಪರೀಕ್ಷಿಸಿದರು: ಅಪರಿಚಿತರೆದುರು ಮಾತಾಡುವ, ಲೆಕ್ಕ ಮಾಡುವ ಒತ್ತಡದ ಪರೀಕ್ಷೆಗೆ ಮುನ್ನ ಕೆಲವರು ತಮ್ಮ ಒಂದು ಕೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಟ್ಟೆಯ ಮೇಲೂ 20 ಸೆಕೆಂಡ್ ಇಟ್ಟುಕೊಂಡರು. ಅವರಲ್ಲಿ ಕಾರ್ಟಿಸಾಲ್ ಏರಿಕೆ, ಅಂಥ ಸ್ಪರ್ಶವಿಲ್ಲದವರಿಗಿಂತ ಕಡಿಮೆಯಿತ್ತು. ರಾತ್ರಿ ಮೂರನೆಯ ಸಲ ಎದ್ದು ಹಾಸಿಗೆ ಬದಲಿಸುವವರ ಬಳಿ ಹನ್ನೊಂದು ನಿಮಿಷ ಇಲ್ಲದಿರಬಹುದು. 20 ಸೆಕೆಂಡ್ ಇರುತ್ತದೆ.

ಇನ್ನೊಂದು ಸಂಶೋಧನೆ ನೇರವಾಗಿ ಬಳಲಿಕೆಯ ಬೇರನ್ನು ಮುಟ್ಟುತ್ತದೆ. ನರವಿಜ್ಞಾನಿ ಟಾನಿಯಾ ಸಿಂಗರ್, ಬೌದ್ಧ ಭಿಕ್ಷು ಮ್ಯಾಥ್ಯೂ ರಿಕಾರ್ ಅವರನ್ನು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಇತರರ ಯಾತನೆಯನ್ನು ಕೇವಲ ತಮ್ಮದೆಂಬಂತೆ ಅನುಭವಿಸಲು ಕೇಳಿಕೊಂಡರು. ಸ್ವಲ್ಪ ಹೊತ್ತಿಗೇ ಅದು ತಾಳಲಾರದಷ್ಟಾಯಿತೆಂದು ಅವರು ಹೇಳಿದರು. ಕರುಣೆಯ ಧ್ಯಾನಕ್ಕೆ ಹೊರಳಿದೊಡನೆ ಅದೇ ಯಾತನೆಯ ನಡುವೆ ಬಲ ಮರಳಿತು. ಬಳಿಕ ಓಲ್ಗಾ ಕ್ಲಿಮೆಕಿ ಜೊತೆಗೂಡಿ ಸಾಮಾನ್ಯ ಸ್ವಯಂಸೇವಕಿಯರಿಗೆ ಎರಡೂ ತರಬೇತಿ ಕೊಟ್ಟಾಗಲೂ ಇದೇ ಕಂಡಿತು. ಪರರ ನೋವನ್ನು ಹೀರಿಕೊಳ್ಳುವ ಅಭ್ಯಾಸ, ನಾವೇ ನೋವುಣ್ಣುವಾಗ ಚುರುಕಾಗುವ ಮೆದುಳಿನ ಭಾಗಗಳನ್ನು ಕೆರಳಿಸಿ ಮನಸ್ಸನ್ನು ಕುಗ್ಗಿಸಿತು. ನೋವನ್ನು ಕಂಡು ಒಳಿತನ್ನು ಹಾರೈಸುವ ಅಭ್ಯಾಸ, ಆಪ್ತತೆ ಮತ್ತು ತೃಪ್ತಿಗೆ ಸಂಬಂಧಿಸಿದ ಬೇರೆಯದೇ ಜಾಲವನ್ನು ಎಚ್ಚರಿಸಿತು. ಹಾಗಾಗಿ ಆರೈಕೆದಾರರನ್ನು ಬತ್ತಿಸುವುದು ಕರುಣೆಯ ಅತಿರೇಕವೆಂಬ ಮಾತು ಸರಿಯಲ್ಲವೆನಿಸುತ್ತದೆ. ಬತ್ತಿಸುವುದು ದಡವಿಲ್ಲದೆ ಹರಿಯುವ ಸಹವೇದನೆ.

ತನ್ನ ಮೇಲೆ ಮೆತ್ತಗಾದರೆ ಕೈ ಸಡಿಲವಾಗುತ್ತದೆ, ಕರ್ತವ್ಯ ತಪ್ಪುತ್ತದೆ ಎಂಬ ಭಯ ಆರೈಕೆದಾರರಲ್ಲಿ ಆಳವಾಗಿದೆ. ಅದು ಗೌರವಕ್ಕೆ ಅರ್ಹವಾದ ಭಯ, ಏಕೆಂದರೆ ಅದರ ಹಿಂದೆ ಪ್ರೀತಿಯಿದೆ. ಆದರೆ ಪ್ರಯೋಗಗಳು ಹೇಳುವುದು ಬೇರೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ತೋರಿಸಿದಂತೆ, ಕಠಿಣ ಪರೀಕ್ಷೆಯಲ್ಲಿ ಸೋತ ಮೇಲೆ ತಮ್ಮ ಬಗ್ಗೆ ಕರುಣೆ ತಂದುಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಇತರರಿಗಿಂತ ಹೆಚ್ಚು ಹೊತ್ತು ಓದಿದರು. 2007ರ ಇನ್ನೊಂದು ಪ್ರಯೋಗವಂತೂ ಹಬ್ಬದ ಮೇಜಿಗೇ ಹೊಂದುವಂಥದ್ದು. ಕ್ಲೇರ್ ಆಡಮ್ಸ್ ಮತ್ತು ಮಾರ್ಕ್ ಲೀರಿ, ಊಟದಲ್ಲಿ ಕಟ್ಟುನಿಟ್ಟಿನ ಮಿತಿ ಪಾಲಿಸುವ ಯುವತಿಯರಿಗೆ ಡೋನಟ್ ತಿನ್ನಿಸಿ, ಕೆಲವರಿಗೆ ಮಾತ್ರ 'ಇದನ್ನು ಎಲ್ಲರೂ ತಿನ್ನುತ್ತಾರೆ, ಇದಕ್ಕಾಗಿ ಹಳಿದುಕೊಳ್ಳಬೇಕಿಲ್ಲ' ಎಂಬ ಅರ್ಥದ ಮಾತು ಹೇಳಿದರು. ಆಮೇಲೆ ಮಿಠಾಯಿಗಳನ್ನು ಮುಂದಿಟ್ಟಾಗ, ಆ ಮಾತು ಕೇಳಿದವರು ಕಡಿಮೆ ತಿಂದರು. ಕೇಳದವರು, ಹೇಗೂ ನಿಯಮ ಮುರಿದಾಯಿತೆಂಬಂತೆ, ಹೆಚ್ಚು ತಿಂದರು. ತಪ್ಪಿತಸ್ಥ ಭಾವ ಕಾವಲುಗಾರನ ಕೆಲಸ ಮಾಡುತ್ತದೆಂಬ ನಂಬಿಕೆಗೆ ಇಷ್ಟು ಚಿಕ್ಕ ಪ್ರಯೋಗ ಕೊಟ್ಟ ಪೆಟ್ಟು ಸಣ್ಣದಲ್ಲ.

ಆರೈಕೆದಾರರ ಮೇಲೆಯೇ ನಡೆದ ಅಧ್ಯಯನಗಳಲ್ಲಿ ನೆಫ್ ಮತ್ತು ಡೇನಿಯಲ್ ಫಾಸೊ 2015ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಆಟಿಸಂ ಇರುವ ಮಕ್ಕಳ 51 ಮಂದಿ ಹೆತ್ತವರಲ್ಲಿ, ಮಗುವಿನ ತೊಂದರೆ ಎಷ್ಟು ತೀವ್ರ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಆತ್ಮಕರುಣೆ ಹೆಚ್ಚಿದ್ದವರಲ್ಲಿ ಖಿನ್ನತೆ ಕಡಿಮೆಯಿತ್ತು, ಭರವಸೆ ಹೆಚ್ಚಿತ್ತು. ಡಿಮೆನ್ಷಿಯಾ ರೋಗಿಗಳ ಮನೆಯವರಲ್ಲೂ ಇಂಥ ನಂಟು ಕಂಡುಬಂದಿದೆ. ಇಲ್ಲೊಂದು ಎಚ್ಚರ ಅಗತ್ಯ: ಇಂಥ ಅಧ್ಯಯನಗಳು ನಂಟನ್ನು ತೋರಿಸುತ್ತವೆ, ಯಾವುದರಿಂದ ಯಾವುದು ಎಂಬುದನ್ನು ತಾವಾಗಿ ಸಾಬೀತು ಮಾಡುವುದಿಲ್ಲ, ಕಡಿಮೆ ಬಳಲಿದವರಿಗೆ ತಮ್ಮ ಮೇಲೆ ದಯೆ ತೋರುವುದು ಸುಲಭವೂ ಇರಬಹುದು. ನೆಫ್ ಮತ್ತು ಕ್ರಿಸ್ಟೋಫರ್ ಗರ್ಮರ್ ರೂಪಿಸಿದ ಎಂಟು ವಾರದ ತರಬೇತಿಯನ್ನು ಯಾದೃಚ್ಛಿಕ ಪರೀಕ್ಷೆಗೆ ಒಡ್ಡಿದಾಗ, 2013ರ ವರದಿಯಂತೆ, ತರಬೇತಿ ಪಡೆದವರಲ್ಲಿ ಆತ್ಮಕರುಣೆ ಹೆಚ್ಚಿ ಖಿನ್ನತೆ, ಆತಂಕ ತಗ್ಗಿದವು. ಇದು ಹುಟ್ಟಿನಿಂದ ಬರುವ ಗುಣ ಮಾತ್ರವಲ್ಲ, ಕಲಿಯಬಹುದಾದದ್ದು ಎಂಬುದಕ್ಕೆ ಅದು ಆಧಾರ.

ಕಲಿಯುವುದು ಎಲ್ಲರಿಗೂ ಒಂದೇ ರೀತಿ ಹಿತವಾಗುವುದಿಲ್ಲವೆಂಬುದನ್ನು ಗಿಲ್ಬರ್ಟ್ 2011ರಲ್ಲಿ ಕರುಣೆಯ ಭಯವನ್ನೇ ಅಳೆಯುವ ಮಾಪಕಗಳ ಮೂಲಕ ತೋರಿಸಿದರು. ಬೈಗುಳದಲ್ಲೇ ಬೆಳೆದ ಕೆಲವರಿಗೆ ತಮ್ಮ ಕಡೆಗೆ ತಿರುಗಿದ ಮೆದುದನಿ ಮೊದಮೊದಲು ಅಳುವನ್ನೋ ಭೀತಿಯನ್ನೋ ಎಬ್ಬಿಸುತ್ತದೆ. ಅಂಥವರು ನಿಧಾನವಾಗಿ, ಬೇಕಾದರೆ ಚಿಕಿತ್ಸಕರ ಜೊತೆಯಲ್ಲಿ ಸಾಗಬೇಕಾಗುತ್ತದೆ.

ಡಿಸೆಂಬರ್ 24ರ ಸಂಜೆಗೆ ಬಂದರೆ, ಇದರ ಆಚರಣೆಯ ರೂಪ ಬಹುಪಾಲು ನಿರ್ಧಾರಗಳದ್ದು. ಆಲ್‌ಝೈಮರ್ಸ್ ಸಂಘಟನೆಗಳು ಕೊಡುವ ಸಲಹೆಗಳು ಸರಳ: ರಾತ್ರಿಯ ದೊಡ್ಡ ಊಟವನ್ನು ಬೆಳಕಿರುವಾಗಲೇ, ನಡುಮಧ್ಯಾಹ್ನಕ್ಕೆ ತರುವುದು; ನೆಂಟರನ್ನು ಒಟ್ಟಿಗೆ ಕರೆಯದೆ ಇಬ್ಬಿಬ್ಬರಾಗಿ ಕರೆಯುವುದು; ಮಿನುಗುವ ದೀಪಗಳನ್ನು ಹಾಕದಿರುವುದು; ಗದ್ದಲದಿಂದ ದೂರ ಒಂದು ಕೋಣೆಯನ್ನು ಉಳಿಸಿಕೊಳ್ಳುವುದು; ಅಡುಗೆಯನ್ನು ಬರುವವರೇ ತರುವಂತೆ ಮೊದಲೇ ಹೇಳುವುದು. ಇವುಗಳಲ್ಲಿ ಯಾವುದೂ ಹೊಸದಲ್ಲ, ಯಾವುದಕ್ಕೂ ಹೆಚ್ಚು ಖರ್ಚಿಲ್ಲ. ಆದರೂ ಅವು ಜಾರಿಗೆ ಬರುವುದು ಕಷ್ಟ, ಏಕೆಂದರೆ ಪ್ರತಿಯೊಂದರ ಹಿಂದೆಯೂ 'ಈ ವರ್ಷ ನನ್ನಿಂದ ಇಷ್ಟೇ ಆಗುವುದು' ಎಂಬ ಒಂದು ವಾಕ್ಯವಿದೆ. ಆ ವಾಕ್ಯವನ್ನು ಅವಮಾನವಿಲ್ಲದೆ ಹೇಳಲು ಮೇಲಿನ ಮೂರು ಎಳೆಗಳೂ ಬೇಕು. 2021ರ ಪುಸ್ತಕದಲ್ಲಿ ನೆಫ್ ಆತ್ಮಕರುಣೆಗೆ ಸಂತೈಸುವ ಮುಖದಂತೆಯೇ ಗಡಿ ಹಾಕುವ, ಬೇಡವೆನ್ನುವ ಇನ್ನೊಂದು ಮುಖವೂ ಇದೆಯೆಂದು ವಿವರಿಸುತ್ತಾರೆ. ಸದಾ ಮಣಿದುಹೋಗುವುದನ್ನೇ ಒಳ್ಳೆಯತನವೆಂದು ಕಲಿತ ಹೆಂಗಸರಿಗೆ ಈ ಎರಡನೆಯ ಮುಖದ ಪರಿಚಯವೇ ಹೆಚ್ಚು ಬೇಕಾದದ್ದು ಎಂಬುದು ಈ ಲೇಖಕನ ನಂಬಿಕೆ.

ಕರ್ನಾಟಕಕ್ಕೆ ಈ ಮಾತುಗಳು ದೂರದವಲ್ಲ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ; ಅವರಲ್ಲಿ ಬಹುತೇಕರನ್ನು ನೋಡಿಕೊಳ್ಳುವುದು ಮನೆಯವರೇ. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿದ ಮಕ್ಕಳು ಕ್ರಿಸ್‌ಮಸ್ ರಜೆಯಲ್ಲಿ ಬೆಂಗಳೂರಿಗೋ ಮೈಸೂರಿಗೋ ಬಂದಿಳಿದಾಗ, ವರ್ಷವಿಡೀ ಅತ್ತೆಯನ್ನೋ ಮಾವನನ್ನೋ ನೋಡಿಕೊಂಡ ಸೊಸೆಗೆ ಮನೆಯ ತುಂಬ ಜನರೂ ಅಡುಗೆಯೂ ಹೆಚ್ಚುತ್ತವೆ. 'ಅಮ್ಮ ಎಷ್ಟು ಇಳಿದುಹೋಗಿದ್ದಾರೆ' ಎಂಬ ಒಂದು ಮಾತು, ಆಡಿದವರಿಗೆ ಅರಿವಿಲ್ಲದೆಯೇ, ಅವಳ ಪಾಲಿಗೆ ವರ್ಷದ ತೀರ್ಪಾಗಬಹುದು. ಆ ಎರಡು ವಾರಗಳಲ್ಲಿ ಮಕ್ಕಳು ಆರೈಕೆಯ ಪಾಳಿಯನ್ನು ತಾವು ವಹಿಸಿಕೊಂಡು ಅವಳನ್ನು ತವರಿಗೋ ಪ್ರವಾಸಕ್ಕೋ ಕಳಿಸುವ ಮನೆಗಳೂ ಇವೆ. ಅಂಥ ಮನೆಗಳಲ್ಲಿ ರಜೆ ಎಂಬುದು ಎಲ್ಲರಿಗೂ ರಜೆಯೇ.

ಅಂಥ ಬಿಡುವಿಲ್ಲದೆ ಕೇವಲ ಮನಸ್ಸಿನ ಅಭ್ಯಾಸವೊಂದನ್ನೇ ಆರೈಕೆದಾರರ ಕೈಗಿಡುವುದು ಅನ್ಯಾಯ. ನಿದ್ದೆಗೆ, ದುಡ್ಡಿಗೆ, ಪಾಳಿ ಬದಲಿಸುವ ಇನ್ನೊಂದು ಜೀವಕ್ಕೆ ಆತ್ಮಕರುಣೆ ಬದಲಿಯಾಗಲಾರದು. ಅವುಗಳನ್ನು ಕೇಳುವ ಬಾಯಿಗೆ ಅದು ಧೈರ್ಯ ಕೊಡಬಲ್ಲದು. ಕೇಳಿದಾಗ ಕೊಡುವ ವ್ಯವಸ್ಥೆಯೂ ಇರಬೇಕು. ಇಂಗ್ಲೆಂಡಿನ 2014ರ ಆರೈಕೆ ಕಾಯ್ದೆಯ ಪ್ರಕಾರ, ರೋಗಿಯ ಅಗತ್ಯಗಳಿಂದ ಬೇರೆಯಾಗಿ, ಆರೈಕೆದಾರರ ಅಗತ್ಯಗಳನ್ನೇ ಸ್ಥಳೀಯ ಆಡಳಿತ ಪರಿಶೀಲಿಸಬೇಕು: ಈ ಕೆಲಸವನ್ನು ಮುಂದುವರಿಸುವ ಶಕ್ತಿ ಅವರಿಗಿದೆಯೇ, ಮನಸ್ಸಿದೆಯೇ, ತಮ್ಮ ದಿನನಿತ್ಯದ ಬದುಕಿನಲ್ಲಿ ಅವರು ಬೇರೇನನ್ನು ಮಾಡಬಯಸುತ್ತಾರೆ ಎಂದು. ಭಾರತದಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆ ಮಕ್ಕಳ ಹೊಣೆಯನ್ನು ವಿಧಿಸುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಆರೈಕೆದಾರ ಎಂಬ ಪದವನ್ನು ವ್ಯಾಖ್ಯಾನಿಸಿ, ಸಂಬಳವಿಲ್ಲದೆ ನೋಡಿಕೊಳ್ಳುವ ತಾಯ್ತಂದೆಯರನ್ನೂ ಮನೆಯವರನ್ನೂ ಅದರೊಳಗೆ ಸೇರಿಸಿದೆ. ಹೆಚ್ಚಿನ ನೆರವು ಬೇಕಾದ ಅಂಗವಿಕಲರಿಗೆ ಆರೈಕೆ ಭತ್ಯೆಯ ಪ್ರಸ್ತಾಪವೂ ಅದರಲ್ಲಿದೆ. ಆರೈಕೆ ಮಾಡುವವರನ್ನೇ ಕೂರಿಸಿಕೊಂಡು ಅವರಿಗೇನು ಬೇಕೆಂದು ಕೇಳುವ ಕಲಂ ಇಲ್ಲಿಯೂ ಬರಬೇಕಾಗಿದೆ.